ಪಡಸಾಲೆಯಲ್ಲೇ ಆಫೀಸು: ಟೇಬಲ್ ತರುವ ಮೊದಲು ಮಾಡಬೇಕಾದ ಕೆಲಸಗಳು

ಗುಳೇದಗುಡ್ಡದ ನನ್ನ ತವರುಮನೆಯಲ್ಲಿ ಹೊಸ್ತಿಲು ದಾಟಿದ ಕೂಡಲೇ ಕಾಣುವುದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಇಳಿಬಿಟ್ಟ ಅಪ್ಪನ ಕಾಲು, ಎದುರಿಗೆ ಬಿಗಿದ ಖಣದ (ಕುಪ್ಪಸದ ಬಟ್ಟೆಯ) ಹಾಸು. ಅದೇ ಪಡಸಾಲೆಯ ಆಚೆ ಬದಿಗೆ ಜಮಖಾನೆ ಹಾಸಿರುತ್ತಿತ್ತು. ಬೀಗರು ಬಂದರೂ, ನೂಲಿನ ಲೆಕ್ಕಕ್ಕೆ ಸಾಹುಕಾರರು ಬಂದರೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಅಪ್ಪ ಲಾಳಿ ಓಡಿಸುತ್ತಲೇ ಅವರ ಜೊತೆ ಮಾತಾಡುತ್ತಿದ್ದ. ಇಳಕಲ್ಲ, ಗುಳೇದಗುಡ್ಡ, ಬನಹಟ್ಟಿ, ರಬಕವಿಯ ನೇಕಾರರ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ನಮ್ಮ ಕಡೆಯ ಪಡಸಾಲೆ ಮೊದಲಿನಿಂದಲೂ ದುಡಿಯುವ ಜಾಗವೂ ಹೌದು, ಬಂದವರನ್ನು ಕೂಡಿಸುವ ಜಾಗವೂ ಹೌದು.

ನಾನೀಗ ಬಾಗಲಕೋಟೆಯ ನವನಗರದಲ್ಲಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಗಂಡನ ಮನೆಗೆ ಹೊತ್ತು ತಂದೆ, ಇವತ್ತಿಗೂ ಇಲ್ಲಿಂದಲೇ ಮಾಡುತ್ತಿದ್ದೇನೆ. ಎರಡು ಖೋಲಿ, ಅಡಿಗೆಮನೆ, 12 ಅಡಿ ಅಗಲ 16 ಅಡಿ ಉದ್ದದ ಪಡಸಾಲೆ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಒಂದು ಖೋಲಿ ಆಫೀಸಿಗೇ ಬಿಡುವ ಮಾತೇ ಇರಲಿಲ್ಲ. ಮೊದಲ ಒಂದು ವರ್ಷ ನಾನು ಎಲ್ಲವನ್ನೂ ತಿರುವುಮುರುವು ಮಾಡಿದೆ. ಮೊದಲು ಟೇಬಲ್ ತಂದೆ, ಆಮೇಲೆ ಅದಕ್ಕೆ ಜಾಗ ಹುಡುಕಿದೆ. ಪಡುವಣ ಕಿಟಕಿಯ ಕೆಳಗೆ ಖಾಲಿ ಕಂಡಿತು, ಅಲ್ಲಿಟ್ಟೆ. ಫೆಬ್ರವರಿ ದಾಟುತ್ತಲೇ ಮಧ್ಯಾಹ್ನ ಮೂರರ ಮೇಲೆ ಪರದೆಯ ಮೇಲಿನ ಅಕ್ಷರ ಕಾಣದಂತಾಯಿತು, ಲ್ಯಾಪ್‌ಟಾಪಿನ ತಳ ಮುಟ್ಟಿದರೆ ಕೈ ಸುಡುತ್ತಿತ್ತು. ಎಳೆದುಬಿಟ್ಟಿದ್ದ ವೈರಿಗೆ ಅತ್ತೆಯ ಕಾಲು ಸಿಕ್ಕಿ ಅವರು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅವತ್ತು ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದರು: "ಅಲ್ಲವಾ, ಬಂದೋರು ಎಲ್ಲೆ ಕುಂದರಬೇಕು?"

ಅದೇ ತಿಂಗಳು ಅಪ್ಪ ನವನಗರಕ್ಕೆ ಬಂದಿದ್ದ. ಟೇಬಲ್ಲಿನ ಸುತ್ತ ಒಮ್ಮೆ ತಿರುಗಿ ನೋಡಿ ಅಂದ: "ಬೆಳಕ ಎಲ್ಲಿಂದ ಬರತೈತಿ, ಮಂದಿ ಎಲ್ಲಿಂದ ಅಡ್ಡಾಡತಾರ, ಅದನ್ನ ನೋಡಿ ಕುಣಿ ತೋಡತೇವಿ. ಒಮ್ಮೆ ತೋಡಿದ ಮ್ಯಾಲ ಎತ್ತಿಡಾಕ ಬರೂದಿಲ್ಲವಾ." ಮುಂದೆ ಬರೆದಿರುವ ಕ್ರಮವೆಲ್ಲ ಆ ಮಾತಿನಿಂದ ಹುಟ್ಟಿದ್ದು.

ಮೊದಲ ಮೂರು ದಿನ: ಬರೀ ನೋಡುವುದು

ಒಂದು ನೋಟ್‌ಬುಕ್, ಒಂದು ಸೀಮೆಸುಣ್ಣ, ಬಡಿಗೇರರ ಹತ್ತಿರ ಇರುವಂಥ ಟೇಪು ಇಟ್ಟುಕೊಳ್ಳಿ. ಪಡಸಾಲೆಗೆ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲಿ ಕೂಡುತ್ತಾರೆ ಎಂದು ಬರೆದಿಡಿ. ನಮ್ಮಲ್ಲಿ ಬೆಳಿಗ್ಗೆ ಹಾಲಿನವರು, ಹೂವಿನವರು. ಹನ್ನೊಂದಕ್ಕೆ ಮೊಸರಿಗೆ ಹೆಪ್ಪು ಕೇಳಲು ಪಕ್ಕದ ಮನೆಯ ಅಕ್ಕ. ನಾಲ್ಕೂವರೆಗೆ ಮಕ್ಕಳು. ದೀಪ ಹಚ್ಚಿದ ಮೇಲೆ ಮಾವನ ಗೆಳೆಯರು, ಅತ್ತೆಯ ಧಾರಾವಾಹಿ. ಹಗಲೆಲ್ಲ ಬಾಗಿಲು ತೆರೆದೇ ಇರುವ ಮನೆಗಳಲ್ಲಿ ಈ ಪಟ್ಟಿಯೇ ನಿಮ್ಮ ಆಫೀಸಿನ ನಕ್ಷೆ. ನನ್ನ ಪಟ್ಟಿ ನೋಡಿದಾಗ ಹನ್ನೊಂದೂವರೆಯಿಂದ ನಾಲ್ಕರವರೆಗೆ ಪಡಸಾಲೆ ಹೆಚ್ಚುಕಡಿಮೆ ನನ್ನದೇ ಎಂಬುದು ಗೊತ್ತಾಯಿತು. ಮುಖ್ಯವಾದ ಮೀಟಿಂಗುಗಳನ್ನು ಆ ಹೊತ್ತಿಗೆ ಕೇಳಿ ಪಡೆದೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಎರಡನೆಯದು ಬಿಸಿಲು. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ನಾಲ್ಕಕ್ಕೆ ನೆಲದ ಮೇಲೆ ಬಿಸಿಲು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಇದನ್ನು ವರ್ಷದಲ್ಲಿ ಎರಡು ಸಲ ಮಾಡಬೇಕು, ಒಮ್ಮೆ ಸಂಕ್ರಮಣದ ಸುಮಾರಿಗೆ, ಇನ್ನೊಮ್ಮೆ ಮೇ ತಿಂಗಳಲ್ಲಿ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ದಕ್ಷಿಣದ ಕಿಟಕಿಯ ಬಿಸಿಲು ಮನೆಯೊಳಗೆ ದೂರದವರೆಗೆ ಬರುತ್ತದೆ. ನಮ್ಮ ಜಿಲ್ಲೆ ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ತಿಂಗಳ ಮೊದಲ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಬಡಗಣದ ಕಡೆಗಿರುತ್ತಾನೆ. ಮುಳುಗುವಾಗಲೂ ವಾಯವ್ಯಕ್ಕೆ ಸರಿದಿರುತ್ತಾನೆ. ಜನವರಿಯಲ್ಲಿ ತಂಪಾಗಿದ್ದ ಉತ್ತರದ ಕಿಟಕಿಯಿಂದ ಜೂನಿನಲ್ಲಿ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವುದು ಇದಕ್ಕೇ. ಒಂದೇ ಸಲ ನೋಡಿ ಗೋಡೆಗೆ ಮೊಳೆ ಹೊಡೆದವರು ಆಮೇಲೆ ಕಷ್ಟಪಡುತ್ತಾರೆ.

ಜಾಗ ಗೊತ್ತು ಮಾಡುವುದು

ಈಗ ನೆಲದ ಮೇಲೆ ಟೇಬಲ್ಲಿನ ಆಕಾರವನ್ನೇ ಸೀಮೆಸುಣ್ಣದಲ್ಲಿ ಬರೆಯಿರಿ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ಒಬ್ಬರಿಗೆ ಸಾಕು. ಕುರ್ಚಿ ಹಿಂದೆ ಸರಿಸಿ ಏಳಲು ಟೇಬಲ್ಲಿನ ಅಂಚಿನಿಂದ ಇನ್ನೂ ಮೂರು ಅಡಿ ಬೇಕು, ಅದನ್ನೂ ಬರೆಯಿರಿ. ಹೀಗೆ ಬರೆದ ಚೌಕದ ಸುತ್ತ ಒಂದು ದಿನ ಮನೆಮಂದಿಯೆಲ್ಲ ಅಡ್ಡಾಡಲಿ. ಬೀದಿಬಾಗಿಲಿನಿಂದ ಅಡಿಗೆಮನೆಗೆ ಹೋಗುವ ದಾರಿಯಲ್ಲಿ ಯಾರಾದರೂ ಗೆರೆ ತುಳಿದರೆ ಜಾಗ ತಪ್ಪಿದೆ ಎಂದೇ ಅರ್ಥ. ಕೊಡ ಹೊತ್ತವರು, ಕೂಸು ಎತ್ತಿಕೊಂಡವರು ನಿರಾಳವಾಗಿ ನಡೆಯಲು ಆ ದಾರಿ ಮೂರು ಅಡಿಯಾದರೂ ಬಿಡುವಿರಬೇಕು. ದೇವರ ಜಗಲಿಯ ಮುಂದೆ ಬೇಡ. ದೇವರ ಪೂಜೆಯ ಹೊತ್ತಿಗೆ ನೀವು ಎದ್ದು ಸರಿಯಬೇಕಾದರೆ ನಿಮ್ಮ ಮನಸ್ಸಿಗೂ, ಪೂಜೆ ಮಾಡುವ ಹಿರಿಯರಿಗೂ ದಿನಾ ಇರುಸುಮುರುಸು.

ಕಿಟಕಿ ನಿಮ್ಮ ಬೆನ್ನ ಹಿಂದೆಯೂ ಬೇಡ, ಮುಖದ ಎದುರೂ ಬೇಡ, ಪಕ್ಕಕ್ಕಿರಲಿ. ಹಿಂದೆ ಇದ್ದರೆ ಪರದೆಯ ಮೇಲೆ ಬೆಳಕು ಪ್ರತಿಫಲಿಸುತ್ತದೆ, ವಿಡಿಯೋ ಕರೆಯಲ್ಲಿ ಮುಖ ಕಪ್ಪಾಗಿ ಕಾಣುತ್ತದೆ. ಎದುರಿಗಿದ್ದರೆ ಸಂಜೆಗೆ ಕಣ್ಣು ಉರಿಯುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಹಾಳೆಯ ಮೇಲೆ ಬೀಳುವುದಿಲ್ಲ. ಅಪ್ಪನ ಮಗ್ಗಕ್ಕೂ ಕಿಟಕಿ ಪಕ್ಕಕ್ಕೇ ಇದೆ. ಎಳೆ ಹರಿದಿದ್ದರೆ ಕಣ್ಣಿಗೆ ಕಾಣುವುದು ಅಡ್ಡ ಬೀಳುವ ಬೆಳಕಿನಲ್ಲಿ.

ಪಡುವಣ ಗೋಡೆಗೆ ತಾಗಿ ಕೂಡಬೇಡಿ. ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಇಟ್ಟಿಗೆ, ಸಿಮೆಂಟಿನ ಗೋಡೆ ಮಧ್ಯಾಹ್ನವೆಲ್ಲ ಕಾದು, ಆ ಕಾವನ್ನು ರಾತ್ರಿ ಎಂಟು ಒಂಬತ್ತರವರೆಗೂ ಒಳಗೆ ಬಿಡುತ್ತಿರುತ್ತದೆ. ನನ್ನ ಟೇಬಲ್ ಈಗ ಉತ್ತರದ ಗೋಡೆಗಿದೆ, ಮೂಡಣದ ಕಿಟಕಿಯಿಂದ ನಾಲ್ಕು ಅಡಿ ಒಳಗೆ. ಹಳೆಯ ಊರುಗಳಲ್ಲಿ ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆಯ ಮಾಳಿಗೆ ಮನೆ ಇರುವವರು ಪುಣ್ಯವಂತರು, ಅವರಿಗೆ ಈ ಚಿಂತೆ ಕಡಿಮೆ.

ಟೇಬಲ್, ಕುರ್ಚಿ ಮತ್ತು ಒಂದು ಮಣೆ

ದುಡ್ಡು ಕಡಿಮೆ ಇದ್ದರೆ ಕುರ್ಚಿಗೆ ಹೆಚ್ಚು ಹಾಕಿ, ಟೇಬಲ್ಲಿಗೆ ಕಡಿಮೆ. ಟೇಬಲ್ ಬರೀ ಒಂದು ಹಲಗೆ. ಕುರ್ಚಿಯ ಮೇಲೆ ನಿಮ್ಮ ಬೆನ್ನೆಲುಬು ದಿನಕ್ಕೆ ಎಂಟು ತಾಸು ಇರುತ್ತದೆ.

ಅಂಗಡಿಯಲ್ಲಿ ಸಿಗುವ ಟೇಬಲ್ಲುಗಳ ಎತ್ತರ ಸಾಮಾನ್ಯವಾಗಿ 29, 30 ಇಂಚು. ಐದು ಅಡಿ ಎತ್ತರದ ಹೆಣ್ಣುಮಗಳಿಗೆ ಇದು ಬಹಳ ಮೇಲಾಯಿತು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಾದ ಪೂರ್ತಿ ನೆಲಕ್ಕೂರಿ, ಮೊಣಕೈ ಮಡಚಿ, ಬೇರೆಯವರಿಂದ ನೆಲದಿಂದ ಮೊಣಕೈವರೆಗೆ ಅಳತೆ ತೆಗೆಸಿ. ನನ್ನದು 24 ಇಂಚು ಬಂತು. 30 ಇಂಚಿನ ಟೇಬಲ್ ಮೇಲೆ ಟೈಪ್ ಮಾಡಿ ಮಾಡಿ ಹೆಗಲು ಯಾಕೆ ಸೆಳೆಯುತ್ತಿತ್ತು ಎಂಬುದು ಅವತ್ತು ತಿಳಿಯಿತು. ಬಡಿಗೇರರಿಂದ ಮಾಡಿಸುವುದಾದರೆ ನಿಮ್ಮ ಅಳತೆಯನ್ನೇ ಕೊಡಿ. ಮನೆಯಲ್ಲಿ ಇನ್ನೊಬ್ಬ ಎತ್ತರದವರೂ ಅದನ್ನೇ ಬಳಸುವುದಿದ್ದರೆ 28 ಇಂಚಿಗೆ ಮಾಡಿಸಿ, ಗಿಡ್ಡ ಇರುವವರು ಕುರ್ಚಿ ಏರಿಸಿಕೊಂಡು ಕಾಲಕೆಳಗೆ ಆಸರೆ ಇಟ್ಟುಕೊಳ್ಳಬೇಕು. ನಾನು ಮಾಡಿದ್ದು ಅದನ್ನೇ. ಅಟ್ಟದ ಮೇಲೆ ಬಿದ್ದಿದ್ದ ಊಟದ ಮಣೆಗಳಲ್ಲಿ ಅಗಲವಾದದ್ದೊಂದನ್ನು ಇಳಿಸಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟು, ಅಲುಗಾಡದಂತೆ ಹಳೆಯ ಸೀರೆಯ ಅಂಚಿನಿಂದ ಸುತ್ತಿ ಕಟ್ಟಿದೆ. ಸುಮಾರು ನಾಲ್ಕೂವರೆ ಇಂಚು ಎತ್ತರ ಸಿಕ್ಕಿತು. ತೊಡೆಯ ಕೆಳಗಿನ ಜೋಮು ಒಂದು ವಾರದಲ್ಲಿ ನಿಂತಿತು.

ಲ್ಯಾಪ್‌ಟಾಪನ್ನು ಹಾಗೇ ಟೇಬಲ್ಲಿನ ಮೇಲಿಟ್ಟು ಕತ್ತು ಬಗ್ಗಿಸಿ ಕೂಡಬೇಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ದಪ್ಪ ಪುಸ್ತಕಗಳ ಮೇಲೋ ಗಟ್ಟಿ ಡಬ್ಬಿಯ ಮೇಲೋ ಏರಿಸಿ, ಕೀಬೋರ್ಡು ಮೌಸು ಬೇರೆ ತನ್ನಿ. ಪರದೆ ಕೈಚಾಚಿದಷ್ಟು ದೂರ ಇರಲಿ.

ಜಾಗ ತೀರ ಇಕ್ಕಟ್ಟಾದರೆ ಗೋಡೆಗೆ ಕೀಲು ಹಾಕಿ ಮಡಚುವ ಹಲಗೆ ಮಾಡಿಸಬಹುದು. ಕೆಲಸ ಮುಗಿದ ಮೇಲೆ ಎತ್ತಿ ಚಿಲಕ ಹಾಕಿದರೆ ನಾಲ್ಕು ಇಂಚು ದಪ್ಪ ಮಾತ್ರ ಉಳಿಯುತ್ತದೆ. ಆದರೆ ದಿನಕ್ಕೆ ಎರಡು ಮೂರು ತಾಸಿನ ಕೆಲಸದವರಿಗೆ ಮಾತ್ರ ಅದನ್ನು ಹೇಳುತ್ತೇನೆ. ಇಡೀ ದಿನ ಕೂಡುವವರಿಗೆ ನಾಲ್ಕು ಕಾಲಿನ ಟೇಬಲ್ಲೇ ಗಟ್ಟಿ. ಗೆದ್ದಲು ಇರುವ ಮನೆಯಲ್ಲಿ ಯಾವುದೇ ಕಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಎರಡು ಬೆರಳು ಸಂದು ಬಿಟ್ಟರೆ ಹತ್ತುವಾಗಲೇ ಕಣ್ಣಿಗೆ ಬೀಳುತ್ತದೆ.

ಇಳಕಲ್ ಸೀರೆಯ ಮರೆ

ಗೋಡೆ ಕಟ್ಟಿಸುವುದು ಬೇಡ. ಪಡಸಾಲೆ ಒಡೆದರೆ ಗಾಳಿಯೂ ಒಡೆಯುತ್ತದೆ, ನಾಳೆ ಮನೆಯಲ್ಲಿ ಕುಪ್ಪಸದ ಕಾರ್ಯವೋ (ಸೀಮಂತ) ಮತ್ತೊಂದೋ ಬಂದರೆ ಮಂದಿಗೆ ಜಾಗ ಸಾಲದು. ಸರಿಸಬಹುದಾದ ಮರೆ ಬೇಕು.

ನನ್ನ ಹತ್ತಿರ ಅವ್ವನ ಒಂದು ಹಳೆಯ ಇಳಕಲ್ ಸೀರೆ ಇತ್ತು, ಉಡಲು ಬಾರದಷ್ಟು ಮೆತ್ತಗಾಗಿತ್ತು. ಆರು ವಾರಿನ ಸೀರೆ ಎಂದರೆ 18 ಅಡಿ. ನಡುವೆ ಕತ್ತರಿಸಿದರೆ ಒಂಬತ್ತೊಂಬತ್ತು ಅಡಿಯ ಎರಡು ತುಂಡು. ಮೇಲೆ ಸರಳು ತೂರಿಸಲು, ಕೆಳಗೆ ಮಡಚಿ ಹೊಲಿಯಲು ಅರ್ಧ ಅಡಿ ಹೋದರೂ ಎಂಟೂವರೆ ಅಡಿ ಉಳಿಯುತ್ತದೆ. ಅಗಲ ಒಂದೊಂದಕ್ಕೂ ಸುಮಾರು ನಾಲ್ಕು ಅಡಿ, ನೆರಿಗೆ ಹಿಡಿದರೆ ಐದು ಅಡಿ ತೆರಪನ್ನು ಎರಡೂ ಸೇರಿ ಚೆನ್ನಾಗಿ ಮುಚ್ಚುತ್ತವೆ. ಹಲ್ಲಿನಂಥ ವಿನ್ಯಾಸದ ಟೋಪಿತೆನೆಯ ಸೆರಗು ಪಡಸಾಲೆಯ ಕಡೆಗೆ ಬರುವಂತೆ ಹೊಲಿಸಿದೆ. ಒಳಗಿನಿಂದ ಬೆಳಕು ಬಿದ್ದಾಗ ಆ ಕೆಂಪು ಸೆರಗಿನ ಬಿಳಿ ಹಲ್ಲುಗಳು ಎದ್ದು ಕಾಣುತ್ತವೆ. ಬಂದವರು ಮೊದಲು ಮುಟ್ಟಿ ನೋಡುವುದು ಅದನ್ನೇ.

ಅರಿವೆಯ ಮರೆ ಗಾಳಿಯನ್ನು ಬಿಡುತ್ತದೆ, ಸದ್ದನ್ನು ಮಾತ್ರ ಅಷ್ಟಾಗಿ ತಡೆಯುವುದಿಲ್ಲ. ಸದ್ದಿಗೆ ಬೇರೆ ದಾರಿ ಇದೆ. ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಮಾತು ಕೂಡ ಸುತ್ತಿ ಬರುವುದನ್ನು ನಾವೆಲ್ಲ ಶಾಲೆಯ ಪ್ರವಾಸದಲ್ಲಿ ಕೇಳಿದವರೇ. ಗಟ್ಟಿ ನುಣುಪು ಗೋಡೆ ಸದ್ದನ್ನು ನುಂಗದೆ ಹಿಂದಕ್ಕೆ ಕಳಿಸುತ್ತದೆ, ಅದೇ ಅಲ್ಲಿಯ ಗುಟ್ಟು. ಗ್ರಾನೈಟ್ ನೆಲ, ಬೋಳು ಗೋಡೆಯ ನಮ್ಮ ಪಡಸಾಲೆಗಳಲ್ಲೂ ಸಣ್ಣದಾಗಿ ನಡೆಯುವುದು ಅದೇ, ಫೋನಿನ ಆ ಕಡೆಯವರಿಗೆ ನಿಮ್ಮ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ನೆಲಕ್ಕೆ ಜಮಖಾನೆ ಹಾಸಿ. ನೀವು ಮಾತಾಡುವಾಗ ಎದುರಿಗೆ ಬರುವ ಗೋಡೆಗೆ ಒಂದು ದಪ್ಪ ಕೌದಿ ತೂಗುಹಾಕಿ. ನಾಲ್ಕೈದು ಪದರ ಹಳೆ ಅರಿವೆ ಸೇರಿಸಿ ಹೊಲಿದ ಕೌದಿ ಮಾರ್ದನಿಯನ್ನು ಎಷ್ಟು ತಗ್ಗಿಸುತ್ತದೆ ಎಂಬುದನ್ನು ಹಾಕುವ ಮೊದಲು ಮತ್ತು ಆಮೇಲೆ ಒಂದೊಂದು ಸಲ ಚಪ್ಪಾಳೆ ತಟ್ಟಿ ಪರೀಕ್ಷಿಸಿ. ಇಷ್ಟರ ಮೇಲೂ ಟಿವಿಯ ಸದ್ದು ಉಳಿಯುತ್ತದೆ, ಅದಕ್ಕೆ ಬಾಯಿಯ ಹತ್ತಿರ ಮೈಕು ಇರುವ ಹೆಡ್‌ಫೋನ್ ಒಂದೇ ಮದ್ದು.

ಕರೆಂಟು, ಇಂಟರ್ನೆಟ್ಟು

ಎಕ್ಸ್‌ಟೆನ್ಶನ್ ವೈರನ್ನು ನಡೆಯುವ ದಾರಿಗೆ ಅಡ್ಡ ಎಳೆಯಬೇಡಿ, ಜಮಖಾನೆಯ ಕೆಳಗೂ ಹಾಯಿಸಬೇಡಿ. ಕಾಲಡಿಯಲ್ಲಿ ಸವೆದ ವೈರು ಕಾದು ಅರಿವೆಗೆ ಬೆಂಕಿ ಹತ್ತಬಹುದು. ಟೇಬಲ್ ಇರುವ ಗೋಡೆಗೇ ವೈರಿಂಗಿನವರನ್ನು ಕರೆಸಿ ಮೂರು ನಾಲ್ಕು ಪ್ಲಗ್ಗಿನ ಹೊಸ ಬೋರ್ಡು ಹಾಕಿಸಿ. ಬಂದಾಗಲೇ ಅರ್ಥಿಂಗ್ ಸರಿ ಇದೆಯೇ ನೋಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಶಾಕ್ ಹೊಡೆದರೆ ಕ್ಷಣದಲ್ಲಿ ಕರೆಂಟು ಕಡಿಯುವುದು ಅದೇ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಬಿಡಬೇಡಿ.

ಇನ್ವರ್ಟರ್ ಲೆಕ್ಕ ಹೀಗೆ. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್‌ಅವರ್ ಇರುತ್ತದೆ, ಸೋರಿಕೆ ಕಳೆದು, ಬ್ಯಾಟರಿ ಪೂರ್ತಿ ಇಳಿಯದಂತೆ ಬಳಸಿದರೆ ಸುಮಾರು 1000 ಕೈಗೆ ಸಿಗುತ್ತದೆ. ಲ್ಯಾಪ್‌ಟಾಪ್ 60 ವ್ಯಾಟ್, ವೈಫೈ ಡಬ್ಬಿ 10, ಎಲ್‌ಇಡಿ ದೀಪ 10, ಹಳೆಯ ಫ್ಯಾನು 75. ಒಟ್ಟು 155, ಅಂದರೆ ಆರು ತಾಸಿನ ಮೇಲೆ. ಅದೇ ಫ್ಯಾನು ಬದಲಿಸಿ ಕರೆಂಟು ಕಡಿಮೆ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಒಟ್ಟು 110, ಒಂಬತ್ತು ತಾಸು. ದೊಡ್ಡ ಬ್ಯಾಟರಿ ಕೊಳ್ಳುವ ಮುಂಚೆ ಫ್ಯಾನು ಬದಲಿಸಿ ಎನ್ನುವುದು ನನ್ನ ಗಟ್ಟಿ ಸಲಹೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಅದನ್ನು ಗಾಳಿ ಆಡುವ ಕಡೆ ಇಡಿ, ದೇವರ ದೀಪದ ಹತ್ತಿರವಂತೂ ಬೇಡವೇ ಬೇಡ.

ವೈಫೈ ಡಬ್ಬಿಯನ್ನು ಟಿವಿಯ ಹಿಂದೆ ಅಡಗಿಸಬೇಡಿ, ಎತ್ತರದಲ್ಲಿ ಬಯಲಿಗಿಡಿ. ದಪ್ಪ ಗೋಡೆ ದಾಟಲು 5 ಗಿಗಾಹರ್ಟ್ಜ್‌ಗಿಂತ 2.4 ಗಿಗಾಹರ್ಟ್ಜ್ ವಾಸಿ, ವೇಗ ಮಾತ್ರ ಸ್ವಲ್ಪ ಕಡಿಮೆ. ಟೇಬಲ್ಲಿಗೆ ಒಂದು ಲ್ಯಾನ್ ಕೇಬಲ್ ಎಳೆಸಿಬಿಟ್ಟರೆ ಈ ಜಂಜಾಟವೇ ಇಲ್ಲ.

ಬೇಸಿಗೆಗೆ ನಮ್ಮ ಒಣ ಹವೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎದುರಿನ ಕಿಟಕಿಯೊಂದು ತೆರೆದಿದ್ದರೆ ಮಾತ್ರ. ಮುಚ್ಚಿದ ಮನೆಯಲ್ಲಿ ಬರೀ ಜಿಗುಟು. ಅದರ ಗಾಳಿ ನೇರವಾಗಿ ಲ್ಯಾಪ್‌ಟಾಪಿನ ಮೇಲೆ ಬೀಳದಂತೆ ಮುಖ ತಿರುಗಿಸಿ. ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿ. ಒಳಗೆ ಅರಿವೆಯ ಪರದೆ ಇಳಿಬಿಟ್ಟರೆ ಬಿಸಿಲು ಆಗಲೇ ಗಾಜು ದಾಟಿ ಮನೆಯೊಳಗೆ ಬಂದಿರುತ್ತದೆ. ಸುತ್ತ ಎರೆಭೂಮಿ ಇರುವ ಊರುಗಳಲ್ಲಿ ದೀಪಾವಳಿ ಕಳೆದ ಮೇಲೆ ಧೂಳು ಜಾಸ್ತಿ. ಲ್ಯಾಪ್‌ಟಾಪಿನ ಗಾಳಿಕಿಂಡಿಗಳನ್ನು ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಉಜ್ಜಿ.

ಮನೆಮಂದಿಯ ಜೊತೆ ಕರಾರು

ಮೇಲಿನದೆಲ್ಲ ಮಾಡಿಯೂ ಇದೊಂದು ಮಾಡದಿದ್ದರೆ ಆಫೀಸು ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಮಗ್ಗದ ಹತ್ತಿರ ಹೋದ ಮಕ್ಕಳಿಗೆ ಅವ್ವ ಬೈಯುತ್ತಿರಲಿಲ್ಲ, "ಎಳಿ ಹರದೀತು" ಎನ್ನುತ್ತಿದ್ದಳು, ಅಷ್ಟೇ. ಯಾಕೆ ಮುಟ್ಟಬಾರದು ಎಂಬುದು ನಮಗೆ ಅರ್ಥವಾಗಿತ್ತು. ಲ್ಯಾಪ್‌ಟಾಪಿನ ಮುಂದೆ ಕೂತವರ ಎಳೆ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದನ್ನು ಹೇಳಿ ತಿಳಿಸಬೇಕು. ನಾನು ಅತ್ತೆಯನ್ನು ಒಂದು ದಿನ ಪಕ್ಕಕ್ಕೆ ಕೂಡಿಸಿಕೊಂಡು ಇಡೀ ಮೀಟಿಂಗ್ ತೋರಿಸಿದೆ. ಪರದೆಯ ಮೇಲೆ ಒಂಬತ್ತು ಮುಖ ನೋಡಿದ ಮೇಲೆ ಅವರು ನಡುವೆ ಕರೆಯುವುದನ್ನು ತಾವಾಗಿಯೇ ಬಿಟ್ಟರು.

ಗುರುತು ಒಂದಿರಲಿ. ನಮ್ಮಲ್ಲಿ ಸೀರೆಯ ಮರೆ ಪೂರ್ತಿ ಮುಚ್ಚಿದ್ದರೆ ಕರೆ ನಡೆದಿದೆ, ಯಾರೂ ಮಾತಾಡಿಸುವುದಿಲ್ಲ. ಅರ್ಧ ತೆರೆದಿದ್ದರೆ ಕೆಲಸ ಇದೆ, ಮಾತಾಡಿಸಬಹುದು. ಪೂರ್ತಿ ಸರಿದಿದ್ದರೆ ಪಡಸಾಲೆ ಎಲ್ಲರದು. ಆರು ವರ್ಷದ ಮಗನಿಗೂ ಇದು ಎರಡೇ ದಿನದಲ್ಲಿ ತಿಳಿಯಿತು. ಬದಲಿಗೆ ನನ್ನ ಕಡೆಯಿಂದಲೂ ಒಂದು ಮಾತು ಕೊಟ್ಟಿದ್ದೇನೆ, ಸಂಜೆ ಆರೂವರೆಯ ಮೇಲೆ ಮರೆ ಮುಚ್ಚುವುದಿಲ್ಲ. ತುರ್ತು ಕರೆ ಬಂದರೆ ಫೋನ್ ಹಿಡಿದು ಮಾಳಿಗೆ ಹತ್ತುತ್ತೇನೆ. ಹಿರಿಯರು ಯಾರಾದರೂ ಮರೆ ಮುಚ್ಚಿದಾಗ ಬಂದರೆ ಅತ್ತೆಯೇ ನೀರು ಕೊಟ್ಟು, "ಕೆಲಸದಾಗ ಅದಾಳ್ರಿ, ಈಗ ಬರತಾಳ, ಕುಂದರ್ರಿ" ಎನ್ನುತ್ತಾರೆ. ಕರೆ ಮುಗಿದ ಕೂಡಲೇ ನಾನು ಹೊರಗೆ ಬಂದು ಮಾತಾಡಿಸಿ ಹೋಗುತ್ತೇನೆ, ಎರಡು ನಿಮಿಷವಾದರೂ ಸರಿ. ಇದನ್ನು ತಪ್ಪಿಸಬೇಡಿ. ಬಂದವರಿಗೆ ಮುಖ ತೋರಿಸದ ಮನೆ ಎಂಬ ಮಾತು ಬಂದರೆ ಅದರ ನೋವು ಹಿರಿಯರಿಗೆ ತಟ್ಟುತ್ತದೆ.

ದಿನ ಮುಗಿಸುವ ಕ್ರಮಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ಗಿರಾಕಿಗಳ ಲೆಕ್ಕಪತ್ರ, ಸಹಿ ಮಾಡಿದ ಕಾಗದ ಏನಿದ್ದರೂ ಟೇಬಲ್ಲಿನ ಕೆಳಗಿನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ. ಲ್ಯಾಪ್‌ಟಾಪ್ ಬಂದ್ ಮಾಡಿ, ಧೂಳಿಗೆ ಒಂದು ಖಣದ ತುಂಡು ಹೊದಿಸಿ. ಬೋರ್ಡಿನ ಸ್ವಿಚ್ಚು ಆರಿಸಿ. ಮಣೆಯನ್ನು ಕಾಲಿನಿಂದ ಒಳಗೆ ಸರಿಸಿ. ಸೀರೆಯನ್ನು ಎರಡೂ ಕಡೆಗೆ ಪೂರ್ತಿ ಸರಿಸಿ ಕಟ್ಟಿ. ಕಡೆಗೆ ಕುರ್ಚಿಯನ್ನು ಜಮಖಾನೆಯ ಕಡೆಗೆ ತಿರುಗಿಸಿಡಿ, ಮೊಣಕಾಲು ನೋವಿನಿಂದ ಕೆಳಗೆ ಕೂಡಲಾರದ ಹಿರಿಯರು ಬಂದರೆ ಅವರು ಕೂಡುವುದು ಅದರಲ್ಲೇ.